‘ಎ ಟ್ಯಾಕ್ಸಿ ಡ್ರೈವರ್’: ಸ್ಟೇರಿಂಗ್ ಹಿಡಿದವನ ಕಡೆಯಿಂದ ಗ್ವಾಂಗ್‌ಜು

ಸಿನಿಮಾಗಳಲ್ಲಿ ಟ್ಯಾಕ್ಸಿ ಡ್ರೈವರ್ ಅಂದರೆ ಹಿಂದಿನ ಸೀಟಿನಿಂದ ಕಾಣುವ ಒಂದು ತಲೆ, ಎರಡು ಭುಜ. ಹೀರೊ ‘ಬೇಗ ಹೋಗಪ್ಪ’ ಅಂತಾನೆ, ಗಾಡಿ ಹೋಗುತ್ತದೆ, ಅಲ್ಲಿಗೆ ಆ ಪಾತ್ರ ಮುಗಿಯಿತು. ಜನ ಬೀದಿಗಿಳಿದು ಸರ್ಕಾರವನ್ನು ಎದುರಿಸುವ ಕಥೆಗಳಲ್ಲಂತೂ ಕೇಳುವುದೇ ಬೇಡ. ಅಲ್ಲಿ ಮಾತಾಡುವವರು ಲೀಡರುಗಳು, ಲಾಯರುಗಳು, ಕಾಲೇಜು ಹುಡುಗರು. ಪೆಟ್ಟು ತಿಂದವರನ್ನು ಆಸ್ಪತ್ರೆಗೆ ಸೇರಿಸಿದವನು ಯಾರು, ಸುದ್ದಿ ಹೊತ್ತವನನ್ನು ಊರು ದಾಟಿಸಿದವನು ಯಾರು ಅಂತ ಯಾರೂ ವಿಚಾರಿಸುವುದಿಲ್ಲ. ಮದ್ದೂರು ಕಡೆಯಿಂದ ಬಂದು ಬೆಂಗಳೂರಿನಲ್ಲಿ ಯೆಲ್ಲೋ ಬೋರ್ಡ್ ಗಾಡಿ ಓಡಿಸಿಕೊಂಡಿರುವವನು ನಾನು. ದಕ್ಷಿಣ ಕೊರಿಯಾದ ‘ಎ ಟ್ಯಾಕ್ಸಿ ಡ್ರೈವರ್’ ನನಗೆ ಇಷ್ಟವಾಗಿದ್ದು ಇದೇ ಕಾರಣಕ್ಕೆ. ಒಂದು ದೇಶದ ಹಣೆಬರಹ ಬದಲಿಸಿದ ಬಂಡಾಯವನ್ನು ಅದು ಡ್ರೈವರ್ ಸೀಟಿನಲ್ಲಿ ಕೂತು ನೋಡುತ್ತದೆ. ನನಗಿರುವ ತಕರಾರೂ ಅದೇ ಸೀಟಿಗೆ ಸಂಬಂಧಪಟ್ಟದ್ದು. ಅದನ್ನು ಮುಂದೆ ಹೇಳುತ್ತೇನೆ.

2017ರ ಆಗಸ್ಟ್‌ನಲ್ಲಿ ಕೊರಿಯಾದಲ್ಲಿ ಬಿಡುಗಡೆಯಾದ ಚಿತ್ರ. ನಿರ್ದೇಶಕ ಜಾಂಗ್ ಹೂನ್, ಮುಖ್ಯ ಪಾತ್ರದಲ್ಲಿ ಸೊಂಗ್ ಕಾಂಗ್-ಹೊ. ಅಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಟಿಕೆಟ್ ಹೋಗಿದೆ. ಇಡೀ ದೇಶದ ಜನಸಂಖ್ಯೆಯೇ ಐದು ಕೋಟಿ ಚಿಲ್ಲರೆ ಅಂತ ನೆನಪಿಟ್ಟುಕೊಂಡರೆ ಇದು ಎಂಥ ಸಂಖ್ಯೆ ಅಂತ ಗೊತ್ತಾಗುತ್ತದೆ. ನನಗೆ ತೋರಿಸಿದ್ದು ನನ್ನ ಮಗಳು, ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ಓದುವುದು ನನಗೆ ಸ್ವಲ್ಪ ನಿಧಾನ, ಅಲ್ಲಲ್ಲಿ ನಿಲ್ಲಿಸಿ ನೋಡಿದೆವು. ಎರಡು ಗಂಟೆ ಹದಿನೇಳು ನಿಮಿಷದ ಸಿನಿಮಾ, ಮೊದಲ ಅರ್ಧ ಗಂಟೆ ಆದಮೇಲೆ ಭಾಷೆ ಅಡ್ಡ ಬರಲೇ ಇಲ್ಲ.

ಕಥೆ ನಡೆಯುವುದು 1980ರ ಮೇ ತಿಂಗಳಲ್ಲಿ. ಹಿನ್ನೆಲೆ ಗೊತ್ತಿಲ್ಲದೆ ನೋಡಿದರೆ ಅರ್ಧ ರುಚಿ ಹೋಗುತ್ತದೆ, ಹಾಗಾಗಿ ಇಷ್ಟು ಹೇಳಿಬಿಡುತ್ತೇನೆ. ಹದಿನೆಂಟು ವರ್ಷ ದೇಶ ಆಳಿದ ಪಾರ್ಕ್ ಚುಂಗ್-ಹೀಯನ್ನು 1979ರ ಅಕ್ಟೋಬರ್ 26ರಂದು ಅವರದೇ ಬೇಹುಗಾರಿಕೆ ಮುಖ್ಯಸ್ಥ ಗುಂಡಿಟ್ಟು ಕೊಂದ. ಇನ್ನಾದರೂ ಪ್ರಜಾಪ್ರಭುತ್ವ ಬಂದೀತು ಅಂತ ಜನ ಕಾದರು. ಡಿಸೆಂಬರ್ 12ರಂದು ಚುನ್ ಡು-ಹ್ವಾನ್ ಎಂಬ ಜನರಲ್ ಸೈನ್ಯವನ್ನು ಕೈಗೆ ತೆಗೆದುಕೊಂಡ. ಮರುವರ್ಷ ಮೇ 17ರ ರಾತ್ರಿ ಮಾರ್ಷಲ್ ಲಾ, ಅಂದರೆ ಸೈನ್ಯದ ಆಡಳಿತ, ಇಡೀ ದೇಶಕ್ಕೆ ಬಂತು. ಕಾಲೇಜುಗಳಿಗೆ ಬೀಗ ಬಿತ್ತು, ವಿರೋಧ ಪಕ್ಷದ ಕಿಮ್ ಡೇ-ಜುಂಗ್ ಜೈಲು ಸೇರಿದರು. ಮೇ 18ರ ಬೆಳಿಗ್ಗೆ ಗ್ವಾಂಗ್‌ಜು ಊರಿನ ಚೊನ್ನಮ್ ವಿಶ್ವವಿದ್ಯಾಲಯದ ಗೇಟಿನಲ್ಲಿ ಸೇರಿದ ವಿದ್ಯಾರ್ಥಿಗಳ ಮೇಲೆ ಪ್ಯಾರಾಟ್ರೂಪರ್‌ಗಳು ಬಿದ್ದರು. ದೊಣ್ಣೆ, ಬಯೊನೆಟ್, ಕೊನೆಗೆ ಮೇ 21ರಂದು ಪ್ರಾಂತ್ಯ ಕಚೇರಿಯ ಮುಂದೆ ಗುಂಡು. ಜನ ತಿರುಗಿಬಿದ್ದರು. ಸೈನ್ಯ ಊರಾಚೆ ಸರಿಯಿತು. ಕೆಲವು ದಿನ ಊರು ಜನರ ಕೈಯಲ್ಲೇ ಇತ್ತು. ಮೇ 27ರ ಬೆಳಗಿನ ಜಾವ ಟ್ಯಾಂಕುಗಳು ಮತ್ತೆ ಒಳಗೆ ಬಂದವು. ಸರ್ಕಾರಿ ಲೆಕ್ಕದಲ್ಲೇ ಸತ್ತ ನಾಗರಿಕರು ನೂರೈವತ್ತಕ್ಕೂ ಹೆಚ್ಚು. ನಿಜವಾದ ಸಂಖ್ಯೆ ಅದಕ್ಕಿಂತ ಎಷ್ಟೋ ಪಾಲು ಅಂತ ಆ ಊರಿನವರು ಇವತ್ತಿಗೂ ಹೇಳುತ್ತಾರೆ.

ಇಷ್ಟೆಲ್ಲ ನಡೆಯುವಾಗ ಊರಿನ ಫೋನ್ ಲೈನು ಕತ್ತರಿಸಿತ್ತು, ಪತ್ರಿಕೆಗಳಿಗೆ ಸೆನ್ಸಾರ್ ಇತ್ತು. ಪಕ್ಕದ ಜಿಲ್ಲೆಯವರಿಗೂ ಸುದ್ದಿ ಇಲ್ಲ. ಆಗ ಟೋಕಿಯೋದಲ್ಲಿದ್ದ ಜರ್ಮನ್ ಟಿ.ವಿ. ಕ್ಯಾಮೆರಾಮನ್ ಯೂರ್ಗೆನ್ ಹಿನ್ಸ್‌ಪೀಟರ್ ಸಿಯೋಲ್‌ಗೆ ಬಂದಿಳಿದು, ಒಂದು ಟ್ಯಾಕ್ಸಿ ಮಾಡಿಕೊಂಡು ಗ್ವಾಂಗ್‌ಜು ಒಳಗೆ ನುಗ್ಗಿ, ಚಿತ್ರೀಕರಿಸಿದ ರೀಲುಗಳನ್ನು ಬಿಸ್ಕತ್ ಡಬ್ಬಿಯಲ್ಲಿ ಅಡಗಿಸಿ ಹೊರಗೆ ಸಾಗಿಸಿದರು. ಆ ಚಿತ್ರಗಳು ಜರ್ಮನಿಯ ಟಿ.ವಿ.ಯಲ್ಲಿ ಬಂದಮೇಲೆಯೇ ಹೊರಗಿನವರು ಗ್ವಾಂಗ್‌ಜುವನ್ನು ಕಣ್ಣಾರೆ ಕಂಡದ್ದು. ಅವರನ್ನು ಕರೆದುಕೊಂಡು ಹೋದ ಡ್ರೈವರ್ ಹೆಸರು ಕಿಮ್ ಸಾ-ಬೊಕ್. ಸಿನಿಮಾ ಆ ಡ್ರೈವರನದು.

ಸಿನಿಮಾದಲ್ಲಿ ಅವನ ಹೆಸರು ಮನ್-ಸೊಪ್. ಹೆಂಡತಿ ತೀರಿಹೋಗಿದ್ದಾಳೆ, ಹನ್ನೊಂದು ವರ್ಷದ ಮಗಳಿದ್ದಾಳೆ, ಮನೆ ಬಾಡಿಗೆ ತಿಂಗಳುಗಟ್ಟಲೆ ಬಾಕಿ. ಸೌದಿಯಲ್ಲಿ ದುಡಿದು ಬಂದವನು. ಸಿಯೋಲ್‌ನಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆ ಎದುರಾದಾಗ ಅವನಿಗೆ ಬರುವುದು ಸಿಟ್ಟು: ಓದಲು ಕಳಿಸಿದರೆ ಇವರು ಮಾಡುವುದೇನು, ಇವರನ್ನೆಲ್ಲ ಸೌದಿ ಮರಳಿಗೆ ಅಟ್ಟಬೇಕು. ಅವನ ಚಿಂತೆ ಸೈಡ್ ಮಿರರಿನದು. ಅದು ಮುರಿದಾಗ ಗ್ಯಾರೇಜಿನವನ ಹತ್ತಿರ ಚೌಕಾಸಿ ಮಾಡುತ್ತಾನಲ್ಲ, ಅದನ್ನು ನೋಡಿದಾಗ ಈ ಸಿನಿಮಾ ಮಾಡಿದವರು ಯಾವುದೋ ಸ್ಟ್ಯಾಂಡಿನಲ್ಲಿ ನಾಲ್ಕು ದಿನ ಕೂತಿರಬೇಕು ಅನಿಸಿತು. ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಗೆ ತಲುಪಿಸಿದರೆ ಗಂಡ ಪರ್ಸ್ ಮರೆತು ಬಂದಿರುತ್ತಾನೆ. ಆ ಕ್ಷಣದಲ್ಲಿ ಸೊಂಗ್ ಕಾಂಗ್-ಹೊ ಮುಖ ನೋಡಬೇಕು. ದುಡ್ಡು ಬರಲಿಲ್ಲ ಅನ್ನುವ ಬೇಸರ, ಈ ಹೊತ್ತಿನಲ್ಲಿ ಕೇಳುವುದು ಹೇಗೆ ಅನ್ನುವ ಸಂಕೋಚ, ಎರಡೂ ಒಟ್ಟಿಗೆ ಬರುತ್ತವೆ. ಬಾಡಿಗೆ ಓಡಿಸುವ ಯಾರಿಗಾದರೂ ಆ ಮುಖ ಗೊತ್ತು.

ಊಟದ ಹೋಟೆಲಿನಲ್ಲಿ ಇನ್ನೊಬ್ಬ ಡ್ರೈವರ್ ಹೇಳಿಕೊಳ್ಳುವುದು ಇವನ ಕಿವಿಗೆ ಬೀಳುತ್ತದೆ: ಒಬ್ಬ ವಿದೇಶಿ ಪಾರ್ಟಿ, ಗ್ವಾಂಗ್‌ಜುಗೆ ಹೋಗಿ ಕರ್ಫ್ಯೂ ಒಳಗೆ ವಾಪಸ್ ಬಂದರೆ ಒಂದು ಲಕ್ಷ ವೊನ್. ಹೋಗಿಬರುವ ಒಂದು ಟ್ರಿಪ್ಪಿಗೆ ಬಾಕಿ ಮನೆ ಬಾಡಿಗೆಯೆಲ್ಲ ತೀರುತ್ತದೆ. ಇವನು ಮೆಲ್ಲಗೆ ಎದ್ದು ಹೋಗಿ ಆ ಬಾಡಿಗೆಯನ್ನು ತಾನೇ ಹೊಡೆದುಕೊಳ್ಳುತ್ತಾನೆ. ಸ್ಟ್ಯಾಂಡಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಇಂಥವನನ್ನೇ ನಾಯಕನನ್ನಾಗಿ ಇಟ್ಟುಕೊಂಡಿದ್ದಾರೆ ಅನ್ನುವುದು ನನಗೆ ಬಹಳ ಹಿಡಿಸಿತು. ಅಂದಹಾಗೆ ಕರ್ಫ್ಯೂ ಅಂದರೆ ಆ ದಿನಗಳ ಗಲಾಟೆಗಾಗಿ ಹಾಕಿದ್ದಲ್ಲ. ಆ ದೇಶದಲ್ಲಿ ದಶಕಗಳ ಕಾಲ ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ಯಾರೂ ಹೊರಗೆ ಓಡಾಡುವಂತಿರಲಿಲ್ಲ, ಅದು ಹೋಗಿದ್ದು 1982ರಲ್ಲಿ. ಸಿಯೋಲ್‌ನಿಂದ ಗ್ವಾಂಗ್‌ಜು ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರ್, ನಮ್ಮ ಬೆಂಗಳೂರು-ಶಿವಮೊಗ್ಗದಷ್ಟು. ಆ ಕಾಲದ ಪುಟ್ಟ ಕಿಯಾ ಬ್ರಿಸಾ ಗಾಡಿಯಲ್ಲಿ ಒಂದೇ ದಿನ ಹೋಗಿಬರುವುದು ಅಂದರೆ ಏನು ಅಂತ ಲೆಕ್ಕ ಹಾಕುತ್ತಲೇ ನಾನು ನೋಡುತ್ತಿದ್ದೆ.

ಗ್ವಾಂಗ್‌ಜು ತಲುಪಿದ ಮೇಲೆ ಏನಾಗುತ್ತದೆ ಅನ್ನುವುದನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅಲ್ಲಿನ ಡ್ರೈವರ್ ಟೇ-ಸುಲ್ ಪಾತ್ರದಲ್ಲಿ ಯೂ ಹೇ-ಜಿನ್ ಇದ್ದಾರೆ. ಮೊದಲು ಅವನಿಗೆ ಈ ಸಿಯೋಲ್‌ನವನ ಮೇಲೆ ಕೋಪ, ಗಾಯಾಳುಗಳ ಹೊತ್ತಿನಲ್ಲೂ ದುಡ್ಡಿನ ಮಾತಾಡುತ್ತಾನೆ ಅಂತ. ರಾತ್ರಿ ಅವನನ್ನೇ ಮನೆಗೆ ಕರೆದು ಊಟ ಹಾಕುತ್ತಾನೆ. ಹೆಚ್ಚೇನೂ ಇಲ್ಲ, ಅನ್ನ, ಅಲ್ಲಿನ ಸಾಸಿವೆ ಸೊಪ್ಪಿನ ಕಿಮ್ಚಿ. ಹಾಡಿನ ಸ್ಪರ್ಧೆಗೆ ಹೋಗುವ ಆಸೆಯಿಟ್ಟುಕೊಂಡ ಕಾಲೇಜು ಹುಡುಗನೊಬ್ಬ ಹಾಡುತ್ತಾನೆ. ಅಷ್ಟರಲ್ಲಿ ಹೊರಗೆ ಟಿ.ವಿ. ಕೇಂದ್ರ ಹೊತ್ತಿ ಉರಿಯುತ್ತದೆ. ಇದು ನಿಜವಾಗಿ ಆದದ್ದೇ. ಕಣ್ಣೆದುರು ಜನ ಸಾಯುತ್ತಿದ್ದಾಗ ಏನೂ ಆಗೇ ಇಲ್ಲ ಅನ್ನುವಂತೆ ಕಾರ್ಯಕ್ರಮ ಹಾಕುತ್ತಿದ್ದ ಗ್ವಾಂಗ್‌ಜು ಎಂಬಿಸಿ ಕಟ್ಟಡ ಮೇ 20ರ ರಾತ್ರಿ ಸುಟ್ಟುಹೋಯಿತು.

ಸಿನಿಮಾದ ಪ್ರಾಣ ಇರುವುದು ಗುಂಡು ಹಾರುವ ಜಾಗದಲ್ಲಲ್ಲ, ಸುನ್‌ಚೊನ್ ಅನ್ನುವ ಪಕ್ಕದ ಊರಿನಲ್ಲಿ. ಮಗಳ ಚಿಂತೆ ತಡೆಯಲಾರದೆ ಮನ್-ಸೊಪ್ ಬೆಳಗಾಗುವ ಮೊದಲೇ ಪಾರ್ಟಿಯನ್ನು ಗ್ವಾಂಗ್‌ಜುದಲ್ಲೇ ಬಿಟ್ಟು ಹೊರಟುಬಿಡುತ್ತಾನೆ. ಸುನ್‌ಚೊನ್‌ನಲ್ಲಿ ಎಲ್ಲ ಮಾಮೂಲು. ಅಂಗಡಿ ತೆರೆದಿವೆ, ಬಿಸಿಲಿದೆ. ಗಾಡಿ ರಿಪೇರಿ ಮಾಡಿಸುತ್ತಾನೆ, ಮಗಳಿಗೆ ಹೊಸ ಶೂ ಕೊಳ್ಳುತ್ತಾನೆ. ಅವಳ ಹಳೇ ಶೂ ಚಿಕ್ಕದಾಗಿ ಹಿಮ್ಮಡಿ ಮಡಚಿಕೊಂಡು ಹಾಕಿಕೊಳ್ಳುತ್ತಿದ್ದಳು ಅಂತ ನಾವು ಮೊದಲೇ ನೋಡಿರುತ್ತೇವೆ. ಹೋಟೆಲಿನಲ್ಲಿ ಕೂತು ನೂಡಲ್ಸ್ ತಿನ್ನುವಾಗ ಪಕ್ಕದವರು ಪೇಪರ್ ಓದಿಕೊಂಡು ಗ್ವಾಂಗ್‌ಜುದಲ್ಲಿ ಗಲಭೆಕೋರರ ಹಾವಳಿಯಂತೆ ಅಂತ ಮಾತಾಡುತ್ತಾರೆ. ಇವನು ಕಣ್ಣಲ್ಲಿ ನೋಡಿ ಬಂದವನು. ಹೋಟೆಲಿನ ಹೆಂಗಸು, ಪಾಪ ಹಸಿದಿದ್ದಾನೆ ಅಂತ ಒಂದು ಅನ್ನದ ಉಂಡೆ ತಂದುಕೊಡುತ್ತಾಳೆ. ಹಿಂದಿನ ದಿನ ಗ್ವಾಂಗ್‌ಜು ಬೀದಿಯಲ್ಲಿ ಗುರುತು ಪರಿಚಯ ಇಲ್ಲದ ಹುಡುಗಿಯೊಬ್ಬಳು ಕೊಟ್ಟದ್ದೂ ಅಂಥದೇ ಉಂಡೆ.

ಅವನು ಅದನ್ನು ತಿನ್ನುವ ರೀತಿ ನೋಡಿ. ಮಾತಿಲ್ಲ, ಸಂಗೀತವಿಲ್ಲ, ಬಾಯಿ ತುಂಬ ಅನ್ನ. ನುಂಗಲೂ ಆಗುತ್ತಿಲ್ಲ, ಉಗಿಯಲೂ ಆಗುತ್ತಿಲ್ಲ. ಆಮೇಲೆ ಗಾಡಿ ಹತ್ತಿ ಸಿಯೋಲ್ ದಾರಿ ಹಿಡಿಯುತ್ತಾನೆ. ಮೊದಲ ದೃಶ್ಯದ ಹಾಗೇ ಹಾಡು ಹೇಳಿಕೊಂಡು ಓಡಿಸಲು ಹೋಗುತ್ತಾನೆ, ಎರಡು ಸಾಲಿಗೆ ಅಳು ಬರುತ್ತದೆ. ಅಲ್ಲೇ ರಸ್ತೆಯಲ್ಲಿ ಯೂ-ಟರ್ನ್. ಮಗಳಿಗೆ ಫೋನ್ ಮಾಡಿ ಹೇಳುವುದು ಇಷ್ಟೇ, ಗಿರಾಕಿಯನ್ನು ಬಿಟ್ಟು ಬಂದುಬಿಟ್ಟಿದ್ದೇನೆ ಅಂತ. ಅಲ್ಲಿ ದೇಶದ ಮಾತಿಲ್ಲ, ಪ್ರಜಾಪ್ರಭುತ್ವದ ಮಾತಿಲ್ಲ. ಪಿಕಪ್ ಮಾಡಿದವನನ್ನು ಡ್ರಾಪ್ ಮಾಡಬೇಕು, ಅಷ್ಟೇ. ಸರ್ವಾಧಿಕಾರದ ಎದುರು ನಿಂತವರ ಕಥೆ ಹೇಳುವ ಎಷ್ಟೋ ಸಿನಿಮಾಗಳು ಭಾಷಣದಲ್ಲಿ ಹೇಳಲು ಹೋಗಿ ಸೋತದ್ದನ್ನು ಇದು ಒಂದು ಕಸುಬಿನ ನಿಯಮದಲ್ಲಿ ಹೇಳಿಬಿಟ್ಟಿದೆ. ನಮ್ಮ ಕೆಲಸಕ್ಕೆ ಇಷ್ಟು ಗೌರವ ಕೊಟ್ಟ ದೃಶ್ಯವನ್ನು ನಾನು ಬೇರೆ ಯಾವ ಭಾಷೆಯಲ್ಲೂ ನೋಡಿಲ್ಲ.

ಇನ್ನೊಂದು ದೃಶ್ಯ ಚೆಕ್‌ಪೋಸ್ಟಿನದು. ಸಿಯೋಲ್ ನಂಬರಿನ ಟ್ಯಾಕ್ಸಿಯಲ್ಲಿ ವಿದೇಶಿ ಇದ್ದರೆ ಬಿಡಬೇಡಿ ಅಂತ ಸೈನಿಕರಿಗೆ ಹುಕುಂ ಆಗಿದೆ. ಗ್ವಾಂಗ್‌ಜು ಡ್ರೈವರ್ ಕೊಟ್ಟ ಲೋಕಲ್ ಪ್ಲೇಟ್ ಹಾಕಿಕೊಂಡು ಇವರು ಹೊರಟಿರುತ್ತಾರೆ. ತಪಾಸಣೆ ಮಾಡುವ ಸೈನಿಕನ ಕಣ್ಣಿಗೆ ಡಿಕ್ಕಿಯಲ್ಲಿದ್ದ ಸಿಯೋಲ್ ಪ್ಲೇಟ್ ಬೀಳುತ್ತದೆ. ಅವನು ನೋಡುತ್ತಾನೆ, ಡಿಕ್ಕಿ ಮುಚ್ಚುತ್ತಾನೆ, ಹೋಗಲು ಬಿಡುತ್ತಾನೆ. ಸಿನಿಮಾದವರು ಸೇರಿಸಿದ್ದು ಅಂತ ಮೇಲುನೋಟಕ್ಕೆ ಅನಿಸುವ ಜಾಗ ಇದು. ಆದರೆ ಅಂದು ಚೆಕ್‌ಪೋಸ್ಟ್ ದಾಟಿದಾಗ ಹೀಗೆ ಕಂಡೂ ಕಾಣದಂತೆ ಬಿಟ್ಟ ಸೈನಿಕರ ಬಗ್ಗೆ ಹಿನ್ಸ್‌ಪೀಟರ್ ಅವರೇ ಹೇಳಿದ್ದರು ಅಂತ ನಿರ್ದೇಶಕರು ತಿಳಿಸಿದ್ದಾರೆ. ಸೈನ್ಯದವರನ್ನೆಲ್ಲ ಒಂದೇ ಅಚ್ಚಿನಲ್ಲಿ ತೋರಿಸಿಬಿಡುವುದು ಸುಲಭವಿತ್ತು. ಆ ಒಬ್ಬ ಸೈನಿಕನಿಂದ ಉಳಿದವರ ಕ್ರೌರ್ಯ ಇನ್ನೂ ಭಾರವಾಗಿ ಕಾಣುತ್ತದೆ, ಯಾಕೆಂದರೆ ಬಿಡುವುದು ಅವರ ಕೈಯಲ್ಲೂ ಇತ್ತು.

ನಂಬರ್ ಪ್ಲೇಟಿನ ಭಯ ನಮಗೆ ಹೊಸದಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ವಿಷಯಕ್ಕೆ ಬೆಂಗಳೂರಿನಲ್ಲಿ ಟಿ.ಎನ್. ನಂಬರಿನ ಗಾಡಿಗಳಿಗೆ ಬೆಂಕಿ ಬಿತ್ತು, ಹಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಆಯಿತು. ಗಡಿಯಾಚೆ ಕೆ.ಎ. ನಂಬರಿನವರಿಗೂ ಅದೇ ಪಾಡು. ಅತ್ತಿಬೆಲೆಯಿಂದ ಹೊಸೂರಿಗೆ ಜನ ಲಗೇಜು ಹೊತ್ತು ನಡೆದುಕೊಂಡು ದಾಟುತ್ತಿದ್ದರು. ನನ್ನ ಜತೆ ಏರ್‌ಪೋರ್ಟಿಗೆ ಓಡಿಸುತ್ತಿದ್ದ ಹೊಸೂರಿನ ಗೆಳೆಯ ಪ್ಲೇಟಿಗೆ ಕೆಸರು ಮೆತ್ತಿ, ನಮ್ಮ ಬೀದಿಯಲ್ಲಿ ಗಾಡಿಗೆ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದ. ಅದು ಸರ್ಕಾರದ ವಿರುದ್ಧದ ಹೋರಾಟವಲ್ಲ, ಗ್ವಾಂಗ್‌ಜು ಜತೆ ಅದನ್ನು ಹೋಲಿಸುವುದೂ ಸರಿಯಲ್ಲ. ಆದರೆ ಎರಡು ಅಕ್ಷರ ನೋಡಿ ನಿನ್ನ ಜೀವದ ಬೆಲೆ ಕಟ್ಟುವವರು ಎದುರಿಗೆ ನಿಂತಾಗ ಕಾಲು ಕ್ಲಚ್ ಮೇಲೆ ಹೇಗೆ ನಡುಗುತ್ತದೆ ಅನ್ನುವುದು ಗೊತ್ತಿದ್ದರಿಂದ, ಆ ಚೆಕ್‌ಪೋಸ್ಟ್ ದೃಶ್ಯದಲ್ಲಿ ನನಗೆ ಉಸಿರು ನಿಂತಿತ್ತು.

ಈಗ ತಕರಾರಿಗೆ ಬರುತ್ತೇನೆ.

ಚೆಕ್‌ಪೋಸ್ಟ್ ದಾಟಿದ ಮೇಲೆ ಒಂದು ಚೇಸ್ ಇದೆ. ಸೈನ್ಯದ ಜೀಪುಗಳು ಬೆನ್ನು ಹತ್ತುತ್ತವೆ, ಗ್ವಾಂಗ್‌ಜುವಿನ ಟ್ಯಾಕ್ಸಿಗಳು ಎಲ್ಲಿಂದಲೋ ಬಂದು ಅಡ್ಡ ನಿಲ್ಲುತ್ತವೆ, ಒಬ್ಬೊಬ್ಬರಾಗಿ ಪ್ರಾಣ ಕೊಡುತ್ತಾರೆ. ಹೀಗೆ ನಡೆಯಲಿಲ್ಲ, ಇದು ಕಟ್ಟಿದ್ದು. ಅಲ್ಲಿಯವರೆಗೂ ಇಷ್ಟು ಎಚ್ಚರದಿಂದ ನಡೆದ ಸಿನಿಮಾ ಇಲ್ಲಿ ಮಾಮೂಲು ಆ್ಯಕ್ಷನ್ ಪಿಕ್ಚರ್ ಆಗಿಬಿಡುತ್ತದೆ. ಥಿಯೇಟರಿನವರಿಗೆ ಸೀಟಿನಿಂದ ಎದ್ದು ನಿಲ್ಲುವಂಥದ್ದು ಬೇಕು ಅಂತ ಯಾರೋ ಹೇಳಿರಬೇಕು. ನನಗೆ ನೋವಾದದ್ದು ಅದು ಸುಳ್ಳು ಅನ್ನುವುದಕ್ಕಲ್ಲ. ಅದಕ್ಕಿಂತ ದೊಡ್ಡ ನಿಜ ಕೈಯಳತೆಯಲ್ಲೇ ಇತ್ತು.

1980ರ ಮೇ 20ರ ಸಂಜೆ ಗ್ವಾಂಗ್‌ಜುವಿನ ಡ್ರೈವರುಗಳು ಮೂಡುಂಗ್ ಸ್ಟೇಡಿಯಂ ಹತ್ತಿರ ಸೇರಿದರು. ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸಿದ್ದಕ್ಕೇ ಅವರನ್ನು ಗಾಡಿಯಿಂದ ಎಳೆದು ಹೊಡೆದಿದ್ದರು. ಸುಮಾರು ಇನ್ನೂರು ಟ್ಯಾಕ್ಸಿಗಳು, ಮುಂದೆ ಬಸ್ಸು ಲಾರಿಗಳು. ಎಲ್ಲರೂ ಹೆಡ್‌ಲೈಟ್ ಹಾಕಿ, ಹಾರ್ನ್ ಒತ್ತಿ, ಗುಮ್‌ನಮ್ ರಸ್ತೆಯುದ್ದಕ್ಕೂ ಪ್ರಾಂತ್ಯ ಕಚೇರಿ ಕಡೆಗೆ ಹೊರಟರು. ಅವರ ಮುಂದೆ ಇದ್ದದ್ದು ಅಶ್ರುವಾಯು ಮತ್ತು ಪ್ಯಾರಾಟ್ರೂಪರ್‌ಗಳ ಸಾಲು. ಗಾಜು ಒಡೆದು ಡ್ರೈವರುಗಳನ್ನು ಹೊರಗೆಳೆದು ಬಡಿದರು. ಆದರೆ ಆ ರಾತ್ರಿಯಿಂದ ಊರು ಇಡೀ ಬೀದಿಗೆ ಬಂತು. ಅಲ್ಲಿಯವರೆಗೆ ವಿದ್ಯಾರ್ಥಿಗಳ ಗಲಾಟೆ ಅಂತ ಕರೆಸಿಕೊಳ್ಳುತ್ತಿದ್ದದ್ದನ್ನು ಊರಿನ ಹೋರಾಟ ಮಾಡಿದ್ದು ಡ್ರೈವರುಗಳು. ಗ್ವಾಂಗ್‌ಜುವಿನಲ್ಲಿ ಪ್ರತಿ ವರ್ಷ ಮೇ 20ರಂದು ಗಾಡಿಗಳ ಮೆರವಣಿಗೆ ಮಾಡಿ ಅದನ್ನು ನೆನೆಯುತ್ತಾರೆ. ‘ಟ್ಯಾಕ್ಸಿ ಡ್ರೈವರ್’ ಅಂತಲೇ ಹೆಸರಿಟ್ಟುಕೊಂಡ ಚಿತ್ರದಲ್ಲಿ ಆ ಮೆರವಣಿಗೆಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ, ಇಲ್ಲದ ಚೇಸಿಗೆ ಸಿಕ್ಕಿದೆ. ಡ್ರೈವರುಗಳು ಯೋಚನೆ ಮಾಡಿ, ಒಟ್ಟಾಗಿ ಕೂತು ಮಾತಾಡಿ, ಹೀಗೆ ಮಾಡೋಣ ಅಂತ ತೀರ್ಮಾನಿಸಿ ಹೊರಟದ್ದನ್ನು ತೋರಿಸುವುದೇ ಬೇರೆ. ಒಬ್ಬ ಪಾರ್ಟಿಯನ್ನು ಕಾಪಾಡಲು ಹಾರಿ ಬಿದ್ದು ಸತ್ತದ್ದನ್ನು ತೋರಿಸುವುದೇ ಬೇರೆ.

ಎರಡನೆಯದು ಕಿಮ್ ಸಾ-ಬೊಕ್ ವಿಷಯ. ಚಿತ್ರ ತಯಾರಾಗುವಾಗ ಅವರು ಯಾರು, ಏನಾದರು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಹಿನ್ಸ್‌ಪೀಟರ್ ವರ್ಷಗಟ್ಟಲೆ ಹುಡುಕಿ ಸಿಗದೆ 2016ರ ಜನವರಿಯಲ್ಲಿ ತೀರಿಕೊಂಡರು. ಹಾಗಾಗಿ ಚಿತ್ರ ತನಗೆ ಬೇಕಾದಂತೆ ಒಬ್ಬ ಏನೂ ಅರಿಯದ ಡ್ರೈವರನನ್ನು ಸೃಷ್ಟಿಸಿಕೊಂಡಿತು. ಚಿತ್ರ ನೋಡಿ ಮಗ ಮುಂದೆ ಬಂದ, ಹಿನ್ಸ್‌ಪೀಟರ್ ಜತೆ ಅಪ್ಪ ಕೂತಿರುವ ಫೋಟೊ ತೋರಿಸಿದ. ಕಿಮ್ ಸಾ-ಬೊಕ್ 1984ರಲ್ಲೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅವರು ಬೀದಿ ಟ್ಯಾಕ್ಸಿಯವರಲ್ಲ, ಹೋಟೆಲ್ ಟ್ಯಾಕ್ಸಿ ಓಡಿಸುತ್ತಿದ್ದವರು, ಇಂಗ್ಲಿಷ್ ಬಲ್ಲವರು, ವಿದೇಶಿ ಪತ್ರಕರ್ತರನ್ನು ಮೊದಲಿನಿಂದ ಕರೆದೊಯ್ಯುತ್ತಿದ್ದವರು. ಆ ಫೋಟೊದಲ್ಲಿ ಸರ್ವಾಧಿಕಾರವನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದ ಚಿಂತಕ ಹಾಮ್ ಸೊಕ್-ಹೊನ್ ಕೂಡ ಇದ್ದಾರೆ. ಅಂದರೆ ಆ ಮನುಷ್ಯ ಎಲ್ಲಿಗೆ ಹೋಗುತ್ತಿದ್ದೇನೆ, ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ಪೂರ್ತಿ ಗೊತ್ತಿದ್ದೇ ಹೊರಟಿದ್ದರು. ಒಮ್ಮೆ ಹೊರಗೆ ಬಂದು, ಮೇ 23ರಂದು ಮತ್ತೆ ಹೋದರು.

ಚಿತ್ರತಂಡಕ್ಕೆ ಇದು ಗೊತ್ತಿರಲಿಲ್ಲ, ಹಾಗಾಗಿ ಅವರನ್ನು ದೂರುತ್ತಿಲ್ಲ. ನಾನು ಹೇಳುವುದು, ಗೊತ್ತಿಲ್ಲದಿದ್ದಾಗ ಡ್ರೈವರ್ ಅಂದರೆ ದುಡ್ಡಿನ ಚಿಂತೆಯ ಮುಗ್ಧನೇ ಇರಬೇಕು ಅಂತ ಎಲ್ಲ ದೇಶದ ಸಿನಿಮಾದವರಿಗೂ ತೋಚುವುದು ಯಾಕೆ? ಹಗಲಿಡೀ ನೂರು ಜನರ ಮಾತು ಕಿವಿಗೆ ಬೀಳುವ ಕೆಲಸ ನಮ್ಮದು. ಮಂತ್ರಿಯ ಪಿ.ಎ., ಆಸ್ಪತ್ರೆಯಿಂದ ಬರುವವನು, ಕೆಲಸ ಕಳೆದುಕೊಂಡವನು, ಎಲ್ಲರೂ ಹಿಂದಿನ ಸೀಟಿನಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಾರೆ. ದೇಶದಲ್ಲಿ ಏನಾಗುತ್ತಿದೆ ಅಂತ ಡ್ರೈವರನಿಗೆ ಗೊತ್ತಿರುವಷ್ಟು ಪೇಪರಿನಲ್ಲೂ ಬರುವುದಿಲ್ಲ.

ಇನ್ನು ಜರ್ಮನ್ ಪತ್ರಕರ್ತನ ಪಾತ್ರ ಬಹಳ ತೆಳು. ಥಾಮಸ್ ಕ್ರೆಚ್‌ಮನ್ ಒಳ್ಳೆಯ ನಟ, ಆದರೆ ಅವರಿಗೆ ಕ್ಯಾಮೆರಾ ಹಿಡಿದು ಆತಂಕದಿಂದ ನೋಡುವುದು ಬಿಟ್ಟು ಹೆಚ್ಚಿನ ಕೆಲಸವಿಲ್ಲ. ನಿಜದಲ್ಲಿ ಜತೆಗಿದ್ದ ಸೌಂಡ್ ಎಂಜಿನಿಯರನ್ನು ಕಥೆಯಿಂದಲೇ ತೆಗೆದಿದ್ದಾರೆ. ಒಂದು ಕಡೆ ಮಾತ್ರ ಆ ಪಾತ್ರ ಎದ್ದು ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಹೆಣಗಳ ನಡುವೆ ಅವನು ಕೈಚೆಲ್ಲಿ ಕೂತುಬಿಟ್ಟಾಗ, ಮನ್-ಸೊಪ್ ಕ್ಯಾಮೆರಾ ಎತ್ತಿ ಅವನ ಕೈಗೆ ಕೊಟ್ಟು, ಶೂಟ್ ಮಾಡು ಅನ್ನುತ್ತಾನೆ. ಅಲ್ಲಿ ಡ್ರೈವರನೇ ದಾರಿ ತೋರಿಸುತ್ತಾನೆ, ಅದು ಸರಿಯಾಗಿದೆ.

ಹಿಂಸೆಯ ದೃಶ್ಯಗಳಿವೆ, ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ತೋರಿಸಬೇಡಿ. ಕಾಲೇಜಿನ ಮಕ್ಕಳಿದ್ದರೆ ಜತೆಯಲ್ಲಿ ಕೂರಿಸಿಕೊಂಡು ನೋಡಿ. ಚಿತ್ರ ಮುಗಿದ ಮೇಲೆ ನನ್ನ ಮಗಳು ಕೇಳಿದ ಮೊದಲ ಪ್ರಶ್ನೆ, ಆ ಜನರಲ್‌ಗೆ ಶಿಕ್ಷೆ ಆಯಿತಾ ಅಂತ. ಆಯಿತು, ಉಳಿಯಲಿಲ್ಲ. ಚುನ್ ಡು-ಹ್ವಾನ್ 1988ರವರೆಗೆ ಅಧ್ಯಕ್ಷನಾಗಿದ್ದ. 1996ರಲ್ಲಿ ಕೋರ್ಟು ಮರಣದಂಡನೆ ವಿಧಿಸಿತು, ಅದು ಜೀವಾವಧಿಯಾಯಿತು, 1997ರ ಡಿಸೆಂಬರ್‌ನಲ್ಲಿ ಕ್ಷಮಾದಾನ ಸಿಕ್ಕಿತು. ಗ್ವಾಂಗ್‌ಜುವಿನ ಕ್ಷಮೆ ಕೇಳದೆಯೇ 2021ರಲ್ಲಿ ಸತ್ತ. ಆದರೆ 2024ರ ಡಿಸೆಂಬರ್ 3ರ ರಾತ್ರಿ ಆಗಿನ ಅಧ್ಯಕ್ಷ ಯೂನ್ ಸುಕ್-ಯೊಲ್ ಟಿ.ವಿ.ಯಲ್ಲಿ ಬಂದು ಮಾರ್ಷಲ್ ಲಾ ಅಂದಾಗ, ಜನ ನಿದ್ದೆ ಬಿಟ್ಟು ಸಂಸತ್ ಭವನದ ಮುಂದೆ ಸೇರಿದರು. ಒಳಗೆ 190 ಸದಸ್ಯರು ಒಂದು ವೋಟೂ ವಿರುದ್ಧ ಬೀಳದಂತೆ ಅದನ್ನು ತಿರಸ್ಕರಿಸಿದರು, ಬೆಳಗಾಗುವುದರೊಳಗೆ ಅದು ಹೋಯಿತು. ಕೊರಿಯಾದವರು ಈ ಸಿನಿಮಾಗಳನ್ನು ಬರೀ ಮನರಂಜನೆಗೆ ನೋಡಿಲ್ಲ ಅಂತ ನಾನು ನಂಬುತ್ತೇನೆ.

ಇದೇ ಕಾಲದ ಇನ್ನೆರಡು ಕೊರಿಯನ್ ಚಿತ್ರಗಳನ್ನೂ ನೋಡುವ ಮನಸ್ಸಿದ್ದರೆ ಮೊದಲು ‘12.12: ದಿ ಡೇ’ (2023) ನೋಡಿ. ಒಂದೇ ರಾತ್ರಿಯಲ್ಲಿ ಚುನ್ ಸೈನ್ಯವನ್ನು ಹೇಗೆ ಕಸಿದುಕೊಂಡ ಅನ್ನುವ ಕಥೆ. ಫೋನಿನ ಮೇಲೆ ಫೋನು, ಜನರಲ್‌ಗಳ ಹೆದರಿಕೆ, ಬಿಗಿಯಾದ ಸಿನಿಮಾ. ಅದಾದ ಮೇಲೆ ‘ಎ ಟ್ಯಾಕ್ಸಿ ಡ್ರೈವರ್’. ಕೊನೆಗೆ ‘1987: ವೆನ್ ದಿ ಡೇ ಕಮ್ಸ್’ (2017). ಪೊಲೀಸ್ ಕಸ್ಟಡಿಯಲ್ಲಿ ಸತ್ತ ಪಾರ್ಕ್ ಜೊಂಗ್-ಚೊಲ್ ಎಂಬ ವಿದ್ಯಾರ್ಥಿಯಿಂದ ಶುರುವಾಗಿ ಆ ವರ್ಷದ ಜೂನ್‌ನಲ್ಲಿ ಚುನ್ ಸರ್ಕಾರ ನೇರ ಚುನಾವಣೆಗೆ ಒಪ್ಪುವ ಹಂತಕ್ಕೆ ಬರುವವರೆಗಿನ ಕಥೆ. ಅದರಲ್ಲಿ ಒಬ್ಬ ನಾಯಕನಿಲ್ಲ. ಹೆಣ ಸುಡುವ ಕಾಗದಕ್ಕೆ ಸಹಿ ಹಾಕಲ್ಲ ಅನ್ನುವ ಒಬ್ಬ ಪ್ರಾಸಿಕ್ಯೂಟರ್, ಚೀಟಿ ಸಾಗಿಸುವ ಒಬ್ಬ ಜೈಲು ಸಿಬ್ಬಂದಿ, ಸುದ್ದಿ ಬಿಡದ ಒಬ್ಬ ವರದಿಗಾರ, ಹೀಗೆ ಕೈಯಿಂದ ಕೈಗೆ ಹೋಗುತ್ತದೆ. ಜೈಲು ಸಿಬ್ಬಂದಿಯ ಪಾತ್ರ ಮಾಡಿರುವುದು ನಮ್ಮ ಗ್ವಾಂಗ್‌ಜು ಡ್ರೈವರ್ ಯೂ ಹೇ-ಜಿನ್ ಅವರೇ. ತಾನು ಏನು ಮಾಡುತ್ತಿದ್ದೇನೆ ಅಂತ ಆ ಪಾತ್ರಕ್ಕೆ ಮೊದಲ ದೃಶ್ಯದಿಂದಲೇ ಗೊತ್ತಿದೆ.